ಹಲ್ಲಿಯ ಮಾತೃಭಾಷೆ

ಕಳೆದ ತಿಂಗಳು ನಿಪ್ಪಾಣಿಯ ಕಾಲೇಜೊಂದರಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಈ ವಿಷಯದ ಮೇಲೆ ನಾನು ಅಥಣಿಯಿಂದ ಕಾಗವಾಡದವರೆಗೆ ಮಾತನಾಡದ ಊರಿಲ್ಲ. ಆದ್ದರಿಂದ ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನನಗೆ ಬಾಯಿಪಾಠವಾಗಿದೆ. "ಯಾವ ಮಾತನ್ನೂ ಪುರಾವೆಯಿಲ್ಲದೆ ನಂಬಬೇಡಿ" ಎಂದು ಹೇಳಿ, ಆ ವಾಕ್ಯ ಸಭೆಯ ಮನಸ್ಸಿಗೆ ಇಳಿಯಲೆಂದು ತುಸು ತಡೆದೆ. ಆ ಮೌನದಲ್ಲಿ, ತಲೆಯ ಮೇಲೆ ಎಲ್ಲೋ ಒಂದು ಹಲ್ಲಿ ಲೊಚಗುಟ್ಟಿತು. ಲೊಚಗುಟ್ಟಿದ್ದು ಅದರ ಸ್ವಾತಂತ್ರ್ಯ. ಆದರೆ ನನ್ನ ಬಲಗೈಯ ತೋರುಬೆರಳು ನನ್ನ ಅಪ್ಪಣೆಗೆ ಕಾಯದೆ ಬಾಗಿ, ಎದುರಿನ ಮರದ ಹಲಗೆಯನ್ನು ಟಕ್ ಟಕ್ ಟಕ್ ಎಂದು ಕುಟ್ಟಿಬಿಟ್ಟಿತು. ಮೈಕು ಅದನ್ನು ಸಭಾಂಗಣದ ಕೊನೆಯ ಬೆಂಚಿನವರೆಗೆ ಪ್ರಾಮಾಣಿಕವಾಗಿ ತಲುಪಿಸಿತು. ಮಕ್ಕಳು ನಕ್ಕರು. ಅಧ್ಯಕ್ಷತೆ ವಹಿಸಿದ್ದ ಪ್ರಾಚಾರ್ಯರು ಮಾತ್ರ ನಗಲಿಲ್ಲ. ಅವರೂ ಕುರ್ಚಿಯ ಕೈ ಕುಟ್ಟುತ್ತಿದ್ದರು.

ನಮ್ಮ ಕಡೆಯ ಪದ್ಧತಿ ತಿಳಿಯದ ಓದುಗರು ಇದ್ದರೆ ಅವರಿಗಾಗಿ ಒಂದು ಮಾತು. ಯಾರಾದರೂ ಏನಾದರೂ ಹೇಳುವಾಗ ಹಲ್ಲಿ ನುಡಿದರೆ ಆ ಮಾತು ನಿಜವೆಂದು ಅರ್ಥ. ಕೂಡಲೇ ನೆಲವನ್ನೋ ಗೋಡೆಯನ್ನೋ ಬೆರಳಿನಿಂದ ಕುಟ್ಟಿ ಆ ಸತ್ಯವನ್ನು ಸ್ವೀಕರಿಸಬೇಕು. ಇದು ಅವೈಜ್ಞಾನಿಕ ಎಂಬುದನ್ನು ನಾನು ಇಲ್ಲಿಯೇ ದಾಖಲಿಸುತ್ತೇನೆ. ಹೇಳುವವರ ಮಾತಿನ ತೂಕವನ್ನು ಕೇಳುವವರು ಅಳೆಯಬೇಕೇ ಹೊರತು, ಸೊಳ್ಳೆ ಹಿಡಿಯಲು ಹೊರಟ ಒಂದು ಜೀವಿಯ ಮೇಲೆ ಆ ಹೊಣೆಯನ್ನು ಹೇರುವುದು ಮನುಷ್ಯರಿಗೂ ಅಗೌರವ, ಹಲ್ಲಿಗೂ ಅನ್ಯಾಯ.

ನನ್ನ ಬೆರಳಿಗೆ ಈ ಚಾಳಿ ಅಂಟಿದ್ದು ರಾಯಬಾಗದ ನಮ್ಮ ಮನೆಯಲ್ಲಿ. ಅವ್ವ ರೊಟ್ಟಿ ಬಡಿಯುತ್ತಿರುವಾಗ ಹಲ್ಲಿ ನುಡಿದರೆ ರೊಟ್ಟಿಯ ತಾಳ ತಪ್ಪದಂತೆ ಅದರ ನಡುವೆಯೇ ಕುಟ್ಟಿ ಮುಗಿಸುತ್ತಿದ್ದಳು. ಅಪ್ಪ ನನ್ನನ್ನು ಸೇರಿಸಿದ ಶಾಲೆಯಾದರೋ ಬೇರೆಯೇ ಲೋಕ. ಅಲ್ಲಿ ಗುರುಗಳನ್ನು ಅಣ್ಣ ಎಂದು ಕರೆಯಬೇಕು, ಯಾರ ಕಾಲಿಗೂ ಬೀಳಬಾರದು, ಮಧ್ಯಾಹ್ನದ ಊಟಕ್ಕೆ ಮೊದಲು ಪ್ರತಿ ಮಗುವೂ ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಹಸಿವಿನಲ್ಲಿ ನಾವು ಕೇಳುತ್ತಿದ್ದ ಪ್ರಶ್ನೆಗಳ ಗುಣಮಟ್ಟವನ್ನು ಈಗ ನೆನೆದರೆ ಸಂಕೋಚವಾಗುತ್ತದೆ. ಹೀಗೆ ನನ್ನ ತಲೆ ಶಾಲೆಗೆ ಹೋಯಿತು. ಬೆರಳು ಮಾತ್ರ ಮನೆಯಲ್ಲೇ ಉಳಿಯಿತು.

ಒಮ್ಮೆ ನನ್ನ ಎಡ ಹೆಗಲ ಮೇಲೆ ಹಲ್ಲಿ ಬಿತ್ತು. ಅವ್ವ ಪಂಚಾಂಗ ತೆಗೆಸಿ ನೋಡಿದಾಗ, ಹೆಣ್ಣುಮಕ್ಕಳಿಗೆ ಎಡಭಾಗ ಶುಭವೆಂದೂ, ಅದೇ ಹಲ್ಲಿ ಅದೇ ಜಾಗದಲ್ಲಿ ಗಂಡಸಿನ ಮೇಲೆ ಬಿದ್ದರೆ ಕೇಡೆಂದೂ ಗೊತ್ತಾಯಿತು. ನನ್ನ ಜೀವನದ ಮೊದಲ ಪ್ರತಿಭಟನೆ ಇದರ ವಿರುದ್ಧವೇ. ಬೀಳುವ ಪ್ರಾಣಿಗೆ ಕೆಳಗಿರುವವರ ಲಿಂಗವನ್ನು ವಿಚಾರಿಸುವ ವ್ಯವಧಾನವಿರುತ್ತದೆಯೆ, ಸಮಾನತೆ ಎಂಬುದು ಹೆಗಲಿನಿಂದಲೇ ಆರಂಭವಾಗಬೇಡವೆ ಎಂದು ಅವ್ವನನ್ನು ಕೇಳಿದೆ. "ಅದನ್ನ ಹಲ್ಲಿಗೆ ಹೇಳು" ಎಂದವಳು ನನ್ನನ್ನು ಎಳೆದುಕೊಂಡು ಓಣಿಯ ಶಿವಕ್ಕನ ಮನೆಗೆ ಹೋದಳು. ಫಲ ಶುಭವಾಗಿದ್ದರೂ ಎಚ್ಚರ ತಪ್ಪಬಾರದೆಂಬುದು ಅವಳ ನಿಲುವು.

ಶಿವಕ್ಕ ಯಾತ್ರೆಯ ಬಸ್ಸಿನಲ್ಲಿ ಕಂಚಿಗೆ ಹೋಗಿ ಅಲ್ಲಿಯ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವಳು. ಹಾಗೆ ಮುಟ್ಟಿದವರಿಗೆ ಹಲ್ಲಿ ಬಿದ್ದ ದೋಷ ತಗಲುವುದಿಲ್ಲ. ಮುಟ್ಟಿದವರನ್ನು ಮುಟ್ಟಿದರೂ ದೋಷ ಕಳೆಯುತ್ತದೆ ಎಂದು ನಂಬಿಕೆ. ಇಡೀ ಓಣಿಯಲ್ಲಿ ಕಂಚಿ ಕಂಡವಳು ಅವಳೊಬ್ಬಳೇ ಆದ್ದರಿಂದ ಬೇಸಿಗೆಯಲ್ಲಿ ಅವಳಿಗೆ ಬಿಡುವಿರಲಿಲ್ಲ. ಮೊದಮೊದಲು ಹೆಮ್ಮೆಯಿಂದ ಕೈ ಚಾಚುತ್ತಿದ್ದವಳು ಕ್ರಮೇಣ ಬೇಸತ್ತು, ಒಳಗಿನಿಂದಲೇ ಕಿಟಕಿಯ ಸರಳುಗಳ ನಡುವೆ ಒಂದು ಬೆರಳನ್ನು ಮಾತ್ರ ಹೊರಗೆ ಹಾಕಿ, "ಮುಟ್ಟಿ ಹೋಗ್ರಿ, ನನ್ನ ಸಾರು ಉಕ್ಕಾಕತ್ತೈತಿ" ಎನ್ನುತ್ತಿದ್ದಳು. ನಾನು ಆ ಬೆರಳನ್ನು ಮುಟ್ಟಿದೆ. ಅದಕ್ಕೆ ಬಳ್ಳೊಳ್ಳಿಯ ವಾಸನೆ ಇತ್ತು. ಸಾರ್ವಜನಿಕ ಸೇವೆಯೊಂದು ಒಬ್ಬಳೇ ಹೆಂಗಸಿನ ಮೇಲೆ ಸಂಬಳವಿಲ್ಲದೆ ಬಿದ್ದಿರುವುದು ಶೋಷಣೆಯೆಂದು ಮರುದಿನ ಶಾಲೆಯಲ್ಲಿ ಹೇಳಿದಾಗ, ನಮ್ಮ ಗುರುಗಳಾದ ಅಣ್ಣ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ನಾನು ಹೋರಾಟಗಾರ್ತಿಯಾದದ್ದು ಹೀಗೆ.

ಆದರೆ ನಾನು ಹೇಳಹೊರಟದ್ದು ಚಿಕ್ಕೋಡಿಯ ಮನೆಯ ವಿಷಯ. ಅಲ್ಲಿ ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಚಂಪವ್ವ ಎಂಬ ಜೈನ ಹಿರಿಯರ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೇನೆ. ನಡುಮನೆ ಅವರದು, ಅದನ್ನು ದಾಟಿಯೇ ನಾನು ಬಚ್ಚಲಿಗೆ ಹೋಗಬೇಕು. ಆದ್ದರಿಂದ ಆ ಮನೆಯ ಯಾವ ಜಗಳವೂ ನನಗೆ ತಪ್ಪುವುದಿಲ್ಲ. ಚಂಪವ್ವನವರು ಇರುವೆಯ ಸಾಲು ಕಂಡರೆ ದಾರಿ ಬದಲಿಸುವವರು. ಅಂಥ ಮನೆಯಲ್ಲಿ ಹಲ್ಲಿಗಳು ಹೇಗಿರಬಹುದೆಂದು ನೀವೇ ಊಹಿಸಿ. ಬೇರೆ ಮನೆಗಳಲ್ಲಿ ಮನುಷ್ಯರನ್ನು ಕಂಡರೆ ಫೋಟೋದ ಹಿಂದೆ ಓಡುವ ಹಲ್ಲಿಗಳು ಇಲ್ಲಿ ನಿಂತು, ತಲೆ ಹೊರಳಿಸಿ, ಬಂದವರು ಯಾರೆಂದು ನೋಡುತ್ತವೆ.

ನನ್ನ ಗೆಳತಿಯೊಬ್ಬಳು ಮೊಟ್ಟೆಯ ಚಿಪ್ಪನ್ನು ಕಿಟಕಿಯಲ್ಲಿಟ್ಟರೆ ಹಲ್ಲಿ ಬರುವುದಿಲ್ಲವೆಂದಳು. ಇದಕ್ಕೆ ಪುರಾವೆಯಿಲ್ಲ, ಅದು ಹಾಗಿರಲಿ. ಆ ಮನೆಯೊಳಗೆ ಮೊಟ್ಟೆ ತರುವಂತಿಲ್ಲವೆಂಬುದು ಬಾಡಿಗೆಯ ಮೊದಲ ಷರತ್ತು. ಆಹಾರದ ಆಧಾರದ ಮೇಲೆ ಮನೆ ಕೊಡುವುದು ತಾರತಮ್ಯವೆಂದು ನಾನು ಮೊದಲ ದಿನವೇ ಚಂಪವ್ವನವರಿಗೆ ಹೇಳಿದ್ದೆ.

"ನಾ ನಿಮ್ಮ ಹೊಟ್ಟಿ ಬಾಡಿಗಿ ತಗೊಂಡೀನೇನ್ರಿ ಅಕ್ಕೋರ?" ಎಂದರು ಅವರು. "ಹೊರಗ ಏನರ ತಿಂದು ಬರ್ರಿ. ಒಳಗ ಬ್ಯಾಡ, ಅಷ್ಟ."

"ಹಲ್ಲಿ ಒಳಗೇ ತಿನ್ನತೈತಲ್ರಿ? ಅದಕ್ಕ ಷರತ್ತಿಲ್ಲೇನು?"

ಚಂಪವ್ವನವರು ಈ ಪ್ರಶ್ನೆಯನ್ನು ನಾನು ಕೇಳಿದ್ದಕ್ಕಿಂತ ಗಂಭೀರವಾಗಿ ತೆಗೆದುಕೊಂಡರು. ಆ ಸಂಜೆಯಿಂದ, ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿದ ಮೇಲೆ, ನಡುಮನೆಯ ಟ್ಯೂಬ್‌ಲೈಟು ಆರತೊಡಗಿತು. ದೀಪವಿದ್ದರೆ ಹುಳು ಬರುತ್ತವೆ, ಹುಳು ಬಂದರೆ ಹಲ್ಲಿ ತಿನ್ನುತ್ತದೆ, ತಮ್ಮ ದೀಪದ ಬೆಳಕಿನಲ್ಲಿ ಆದ ಹಿಂಸೆ ತಮ್ಮ ಲೆಕ್ಕಕ್ಕೆ ಬರುತ್ತದೆ ಎಂಬುದು ಅವರ ತರ್ಕ. ಅದರಲ್ಲಿ ದೋಷ ಹುಡುಕಲು ನಾನು ಬಹಳ ಪ್ರಯತ್ನಿಸಿದ್ದೇನೆ. ಹೀಗಾಗಿ ಮುಸ್ಸಂಜೆಗಳಲ್ಲಿ ನಾನು ಆ ಕತ್ತಲೆಯ ನಡುಮನೆಯನ್ನು ಗೋಡೆ ಸವರುತ್ತ ದಾಟಿ, ಜ್ಞಾನದ ಬೆಳಕು ಎಂಬ ವಿಷಯದ ಮೇಲೆ ಭಾಷಣ ಸಿದ್ಧಪಡಿಸಲು ನನ್ನ ಕೋಣೆಗೆ ಬರುತ್ತಿದ್ದೆ. ಹುಳುಗಳು ಅಷ್ಟು ಹೊತ್ತಿಗೆ ನನ್ನ ದೀಪಕ್ಕೆ ಬಂದಿರುತ್ತಿದ್ದವು. ಹಲ್ಲಿಗಳೂ ಬಂದಿರುತ್ತಿದ್ದವು. ಪಾಪ ಮಾತ್ರ ಬಾಡಿಗೆದಾರಳ ಪಾಲಿಗೆ ವರ್ಗಾವಣೆಯಾಗಿತ್ತು.

ಈ ಮನೆಯ ಸೊಸೆ ಸುನಂದಾ. ಬಿ.ಎಸ್ಸಿ. ಮಾಡಿದವಳು, ಮಾತು ಕಡಿಮೆ. ಸದಲಗಾದ ಒಂದು ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸ ಅವಳಿಗೆ ಸಿಕ್ಕಿತ್ತು. ಸೋಮವಾರ ಮುಂಜಾನೆ ಹೋಗಿ ಹಾಜರಾಗಬೇಕು. ಆಗದಿದ್ದರೆ ಕೆಲಸ ಬೇರೆಯವರಿಗೆ. ನನ್ನ ಸ್ಕೂಟಿಯ ಮೇಲೆ ನಾನೇ ಅವಳಿಗೆ ಗಾಡಿ ಕಲಿಸಿದ್ದೆ. ಅವಳು ಕೆಲಸಕ್ಕೆ ಹೋಗುವುದಕ್ಕೆ ಅತ್ತೆ ಚಂಪವ್ವನವರ ಮನಸ್ಸಿರಲಿಲ್ಲ. ಗಂಡ ಭರತೇಶ ಪೇಟೆಯಲ್ಲಿ ಪೈಪಿನ ಅಂಗಡಿ ಇಟ್ಟಿರುವ ಸಭ್ಯ ಮನುಷ್ಯ. ಅವನ ಅಭಿಪ್ರಾಯವನ್ನು ಕೇಳಿದರೆ ಆತ ನೀರು ಕುಡಿಯಲು ಏಳುತ್ತಾನೆ. ವಿಷಯ ಇತ್ಯರ್ಥವಾಗಲೆಂದು ಭಾನುವಾರ ಮುಂಜಾನೆ ನಡುಮನೆಯಲ್ಲಿ ಎಲ್ಲರೂ ಕುಳಿತರು. ಭರತೇಶನ ಸೋದರತ್ತೆ ತಾರಾಬಾಯಿ ಇಚಲಕರಂಜಿಯಿಂದ ಬಂದಿದ್ದರು. ಅವರು ಹುಟ್ಟಿದ್ದು ಇದೇ ಮನೆಯಲ್ಲಿ, ಬಾಳಿದ್ದು ಮರಾಠಿ ಮಾತಾಡುವ ಊರಿನಲ್ಲಿ. ಸೊಸೆಯ ಪರವಾಗಿ ಸಾಕ್ಷಿ ನುಡಿಯಲು ನಾನೂ ಹೋಗಿ ಕುಳಿತೆ. ಮಹಿಳೆಯ ದುಡಿಮೆಯ ಹಕ್ಕಿನ ಬಗ್ಗೆ ಆರು ಅಂಶಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಒಂದನ್ನೂ ಹೇಳುವ ಪ್ರಸಂಗ ಬರಲಿಲ್ಲ. ಸುನಂದಾ ಅವಲಕ್ಕಿಯ ತಾಟುಗಳನ್ನು ಇಟ್ಟು, ಬಾಗಿಲಿಗೆ ಆತು ನಿಂತು, "ನಾ ಡೇರಿಗೆ ಹೋಗತೇನ್ರಿ ಅತ್ತಿ. ಮನೀಗೆ ಏನೂ ಕಡಿಮಿ ಆಗೂದಿಲ್ಲ" ಎಂದಳು. ಗೋಡೆ ಗಡಿಯಾರದ ಹಿಂದಿನಿಂದ ಹಲ್ಲಿ, ಸ್ಪಷ್ಟವಾಗಿ, ಲೊಚಗುಟ್ಟಿತು.

ಚಂಪವ್ವನವರ ಬೆರಳು ನೆಲ ಕುಟ್ಟಿತು. ಆಮೇಲೆ ಅವರು ಆ ಬೆರಳನ್ನು ತಾವೇ ಸ್ವಲ್ಪ ಹೊತ್ತು ನೋಡಿದರು. ವಿರೋಧಪಕ್ಷದ ನಾಯಕಿ ಮಸೂದೆಗೆ ಕೈ ಎತ್ತಿಬಿಟ್ಟಂತಾಗಿತ್ತು.

"ಆತು" ಎಂದರು ನಿಧಾನವಾಗಿ. "ಹಲ್ಲಿ ನುಡೀತು. ಖರೇ ಇದ್ದೀತು. ಹೋಗವಾ."

ಸುನಂದಾಳ ಮುಖ ಅರಳುವುದಕ್ಕೂ ತಾರಾಬಾಯಿ ತಾಟು ಕೆಳಗಿಡುವುದಕ್ಕೂ ಸರಿಹೋಯಿತು.

"ಏನ ಹೋಗವಾ? ವೈನಿ, ನಿಮಗ ತಿಳಿಯೂದಿಲ್ಲೇನು? ಪಾಲ ಚುಕಚುಕಲೀ. ಇದರಾಗ ಏನೋ ಸಂಶಯ ಐತಿ ಅಂತ ಅದರ ಅರ್ಥ."

ಇಲ್ಲಿ ಓದುಗರಿಗೆ ತೊಡಕನ್ನು ಬಿಡಿಸಿ ಹೇಳಬೇಕು. ಮರಾಠಿಯವರ ಮನೆಗಳಲ್ಲಿ ಪಾಲ, ಎಂದರೆ ಹಲ್ಲಿ, ನುಡಿದರೆ ಮಾತು ನಿಜವೆಂದಲ್ಲ. ಆ ಮಾತಿನಲ್ಲಿ ಎಲ್ಲೋ ಹುಳುಕಿದೆ, ಮುಂದೆ ಹೋಗುವ ಮೊದಲು ಯೋಚಿಸಿ ಎಂಬ ಎಚ್ಚರಿಕೆ. ಒಂದೇ ಹಲ್ಲಿ, ಒಂದೇ ಲೊಚಗುಟ್ಟುವಿಕೆ. ದೂಧಗಂಗಾ ನದಿಯ ಈ ದಡದಲ್ಲಿ ಅದು ಹೌದು, ಆ ದಡದಲ್ಲಿ ಬಹುಶಃ ಅಲ್ಲ. ಸುನಂದಾಳ ಕೆಲಸ ಈ ಎರಡು ದಡಗಳ ನಡುವೆ ನಿಂತಿತು.

"ಅದು ನಿಮ್ಮ ಕಡೆ ಇರಬೇಕು ತಾರಾ" ಎಂದರು ಚಂಪವ್ವನವರು. ಸೊಸೆ ಕೆಲಸಕ್ಕೆ ಹೋಗುವುದು ಅವರಿಗೆ ಬೇಡವಾಗಿತ್ತು, ನಿಜ. ಆದರೆ ತಮ್ಮ ಮನೆಯ ಹಲ್ಲಿಯ ಮಾತನ್ನು ಹೊರಗಿನವರು ತಿದ್ದುವುದು ಅದಕ್ಕಿಂತ ಹೆಚ್ಚು ಬೇಡವಾಗಿತ್ತು. "ನಮ್ಮ ಮನೀ ಹಲ್ಲಿ ಕನ್ನಡದ್ದು. ಖರೇ ಅಂದ್ರ ಖರೇ."

"ನಿಮ್ಮ ಮನಿ? ನಮ್ಮಪ್ಪ ಕಟ್ಟಿಸಿದ ಮನಿ ಇದು. ನೀವು ಬರೂದಕಿಂತ ಮೊದಲ ಇಲ್ಲಿ ಹಲ್ಲಿ ಇದ್ದೂ. ನಮ್ಮವ್ವ ಅವಕ್ಕ ಮರಾಠಿಯೊಳಗ ಬೈತಿದ್ದಳು, ಕೇಳತಿದ್ದೂ."

"ಕೇಳಿದ್ರ ಏನಾತು? ಮರಾಠಿ ನನಗೂ ತಿಳೀತೈತಿ. ಮಾತಾಡೂದು ಕನ್ನಡ."

"ಇದರ ಅವ್ವ ಯಾವ ಕಡೀದು ಅಂತ ನಿಮಗೇನು ಗೊತ್ತು? ನಾ ಹೋದ ಸರ್ತಿ ಇಚಲಕರಂಜಿಯಿಂದ ಹಾಸಿಗಿ ಸುರುಳಿ ತಂದಾಗ ಅದರಾಗ ಒಂದು ಬಂದಿತ್ತು."

ಭರತೇಶ ನೀರು ಕುಡಿಯಲು ಎದ್ದ. ಇಬ್ಬರೂ ಹಿರಿಯರು ಒಟ್ಟಿಗೆ ನನ್ನ ಕಡೆ ತಿರುಗಿದರು. "ಅಕ್ಕೋರ, ನೀವು ಕಲತವರು. ನೀವ ಹೇಳ್ರಿ. ಇದು ಕನ್ನಡ ಹಲ್ಲೀನೋ, ಮರಾಠೀನೋ?"

ನನ್ನ ಜೀವನದಲ್ಲಿ ನಾನು ಅನೇಕ ವೇದಿಕೆಗಳನ್ನು ಏರಿದ್ದೇನೆ. ಅಂಥ ವೇದಿಕೆ ಸಿಕ್ಕಿರಲಿಲ್ಲ. ಒಂದೇ ಪದ ಸಾಕಾಗಿತ್ತು. "ಕನ್ನಡ" ಎಂದಿದ್ದರೆ ಸುನಂದಾಳ ಕೆಲಸ ಖಚಿತ. ಬಾಗಿಲಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ಆದರೆ ಒಂದು ಹೆಣ್ಣಿನ ದುಡಿಯುವ ಹಕ್ಕನ್ನು ಹಲ್ಲಿಯ ಭಾಷೆಯ ಮೇಲೆ ನಿಲ್ಲಿಸುವುದೆ? ನಾಳೆ ಅದು ಬೇರೇನೋ ನುಡಿದರೆ ಆ ಹಕ್ಕು ಹೋಗುವುದೆ? ನಾನು ಗಂಟಲು ಸರಿಮಾಡಿಕೊಂಡೆ. ಎರಡೂ ನಂಬಿಕೆಗಳು ಸಮಾನವಾಗಿ ಆಧಾರರಹಿತವೆಂದು, ಯಾವ ಪಕ್ಷಕ್ಕೂ ಪಕ್ಷಪಾತವಾಗದಂತೆ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ವಿವರಿಸಿದೆ. ಹಲ್ಲಿ ನುಡಿಯುವುದು ಸಂಗಾತಿಯನ್ನು ಕರೆಯಲು, ಇಲ್ಲವೆ ಈ ಜಾಗ ನನ್ನದು, ಇತ್ತ ಬರಬೇಡ ಎಂದು ಬೇರೆ ಹಲ್ಲಿಗೆ ಹೇಳಲು ಎಂದೆ.

ತಾರಾಬಾಯಿ ಬಹಳ ಗಮನವಿಟ್ಟು ಕೇಳಿದರು. "ಅಂದ್ರ ಅದೂ ಗಡೀ ಬಗ್ಗೇನ ಮಾತಾಡಾಕತ್ತೈತಿ" ಎಂದರು.

"ಮತ್ತ? ನಾ ಏನ ಹೇಳಿದೆ?" ಎಂದರು ಚಂಪವ್ವನವರು. ಆ ಮುಂಜಾನೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು, ಮತ್ತು ಅದನ್ನು ಒದಗಿಸಿದ್ದು ವಿಜ್ಞಾನ.

ಒಳಗಿನಿಂದ ಭರತೇಶ ಬಾಯಿ ಒರೆಸಿಕೊಳ್ಳುತ್ತ ಬಂದು ತನ್ನ ಜೀವನದ ಅಪರೂಪದ ಸಲಹೆಯೊಂದನ್ನು ಕೊಟ್ಟ. "ಇನ್ನೊಮ್ಮೆ ನುಡೀಲಿ ಬಿಡ್ರಿ. ಆವಾಗ ನೋಡೂಣು." ಮರುಪರಿಶೀಲನಾ ಅರ್ಜಿ ಎಂಬುದು ಚಿಕ್ಕೋಡಿಯಂಥ ಕೋರ್ಟಿನ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹಿರಿಯರಿಬ್ಬರೂ ಒಪ್ಪಿದರು. ಅಲ್ಲಿಯವರೆಗೆ ಸುನಂದಾ ಎಲ್ಲಿಗೂ ಹೋಗುವಂತಿಲ್ಲ.

ಅವಳು ತಾಟು ತೊಳೆಯುತ್ತಿದ್ದಾಗ ನಾನು ಬಳಿ ಹೋಗಿ ನಿಂತೆ.

"ಹಲ್ಲಿ ನನ್ನ ಕಡೆ ಇತ್ತಲ್ರಿ ಅಕ್ಕೋರ" ಎಂದಳು, ತಲೆ ಎತ್ತದೆ. "ಅತ್ತೀನೂ ಹೂಂ ಅಂದಿದ್ರು. ನೀವ್ಯಾಕ ಕೆಡಿಸಿದ್ರಿ?"

"ತಪ್ಪು ಕಾರಣಕ್ಕ ಸಿಕ್ಕ ಹಕ್ಕು ಹಕ್ಕಲ್ಲ ಸುನಂದಾ."

"ಮೊದಲ ಸಿಕ್ಕಿದ್ರ, ಕಾರಣಾ ಆಮ್ಯಾಲೆ ಬದಲಿ ಮಾಡತಿದ್ದೆ."

ಇದಕ್ಕೆ ಉತ್ತರವಿದೆ. ಚಳವಳಿಯ ಗುರಿಯಷ್ಟೇ ದಾರಿಯೂ ಶುದ್ಧವಾಗಿರಬೇಕು ಎಂಬುದನ್ನು ನಾನು ಇಂದಿಗೂ ನಂಬುತ್ತೇನೆ, ಆ ಹೊತ್ತಿನಲ್ಲೂ ಹೇಳಿದೆ. ಸುನಂದಾ ತಾಟುಗಳನ್ನು ಅಗತ್ಯಕ್ಕಿಂತ ಜೋರಾಗಿ ಬೋರಲು ಹಾಕಿದಳು.

ಹಲ್ಲಿ ಆ ದಿನವೆಲ್ಲ ಮತ್ತೆ ಬಾಯಿ ಬಿಡಲಿಲ್ಲ. ಅದನ್ನು ಪ್ರಸನ್ನಗೊಳಿಸಲೆಂದು ಚಂಪವ್ವನವರು ಆ ಸಂಜೆ ನಡುಮನೆಯ ದೀಪವನ್ನು ಆರಿಸದೆ ಬಿಟ್ಟರು. ಧರ್ಮಸಂಕಟದಿಂದ ಅವರ ಮುಖ ಸಣ್ಣದಾಗಿತ್ತು. ಹುಳುಗಳು ಬಂದವು, ಹಲ್ಲಿ ಹೊರಗೆ ಬಂದು ಹೊಟ್ಟೆ ತುಂಬ ಉಂಡಿತು, ಹೇಳಿಕೆ ಕೊಡದೆ ಗಡಿಯಾರದ ಹಿಂದೆ ಹೋಯಿತು. "ಉಂಡು ಸುಮ್ಮನ ಹೋತು ನೋಡ್ರಿ, ರಾಜಕಾರಣೀ ಗತೆ" ಎಂದರು ತಾರಾಬಾಯಿ.

ಸೋಮವಾರ ಮುಂಜಾನೆ ನಾವೆಲ್ಲ ಮತ್ತೆ ನಡುಮನೆಯಲ್ಲಿ ಸೇರಿದೆವು. ಯಾರೂ ಯಾರನ್ನೂ ಕರೆದಿರಲಿಲ್ಲ. ಚಂಪವ್ವನವರು ಜಪಮಾಲೆ ಹಿಡಿದಿದ್ದರು, ತಾರಾಬಾಯಿ ಬಸ್ಸಿನ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದರು, ಭರತೇಶ ಅಂಗಡಿಯ ಬೀಗದ ಕೈ ಹಿಡಿದು ನಿಂತಿದ್ದ. ಸದ್ದಾದರೆ ಅದು ನುಡಿಯಲಾರದೆಂದು ಪಂಖಾ ಆರಿಸಿದ್ದರು. ಸೆಕೆಯಲ್ಲಿ ಬೆವರುತ್ತ ನಾಲ್ವರು ವಯಸ್ಕರು ಒಂದು ಗಡಿಯಾರವನ್ನು ದಿಟ್ಟಿಸಿದೆವು. ಸಮಯ ಎಷ್ಟಾಯಿತೆಂದು ಮಾತ್ರ ಯಾರೂ ನೋಡಲಿಲ್ಲ. ನನ್ನ ಉದ್ದೇಶ ಅವಲೋಕನವಾಗಿತ್ತು. ಆದರೂ ಗಡಿಯಾರದ ಅಂಚಿನಲ್ಲಿ ಒಂದು ಬಾಲ ಅಲುಗಿದಾಗ ನಾನೂ ಉಸಿರು ಹಿಡಿದೆ.

ಆಗ ಬದಿಯಿಂದ ಒಂದು ಕೈ ಬಂತು. "ಕೀಲಿ ಕೊಡ್ರಿ ಅಕ್ಕೋರ" ಎಂಬ ದನಿ ಕೇಳಿತು. ಗೋಡೆಯಿಂದ ಕಣ್ಣು ತೆಗೆಯದೆ ನಾನು ಸ್ಕೂಟಿಯ ಕೀಲಿ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅಂಗಳದಲ್ಲಿ ಗಾಡಿ ಶುರುವಾದ ಸದ್ದು ಕೇಳಿದಾಗಲೇ ನಾವೆಲ್ಲ ತಿರುಗಿ ನೋಡಿದ್ದು. ಸುನಂದಾ ಹೆಲ್ಮೆಟ್ಟು ಹಾಕಿಕೊಂಡಿದ್ದಳು. ಊಟದ ಡಬ್ಬಿ ಕಾಲ ಬಳಿ ಇತ್ತು.

"ಎಲ್ಲಿ ಹೊಂಟಿ?" ಎಂದರು ಚಂಪವ್ವನವರು.

"ಡೇರಿಗ್ರಿ."

"ಹಲ್ಲಿ ಇನ್ನಾ ನುಡದಿಲ್ಲಲ್ಲ?"

"ನುಡದ್ರ ಫೋನ್ ಮಾಡ್ರಿ ಅತ್ತಿ" ಎಂದು ಸುನಂದಾ ಗಾಡಿ ತಿರುಗಿಸಿ ಹೊರಟೇಬಿಟ್ಟಳು.

ಭರತೇಶ ಹೆಂಡತಿ ಹೋದ ದಾರಿಯನ್ನು ನೋಡಿ, ತಾಯಿಯನ್ನು ನೋಡಿ, ಬಾಯಾರಿಕೆಯಿಲ್ಲದೆಯೂ ನೀರು ಕುಡಿದು, ಅಂಗಡಿಗೆ ಹೋದ. ಹಿರಿಯರಿಬ್ಬರೂ ಕುಳಿತೇ ಇದ್ದರು. ನನಗೂ ಏಳಲು ಮನಸ್ಸಾಗಲಿಲ್ಲ. ಶಾಲೆಗೆ ಅರ್ಧ ದಿನದ ರಜೆ ತಿಳಿಸಿದೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿದ್ದಾಗ, ಯಾವ ಪೀಠಿಕೆಯೂ ಇಲ್ಲದೆ, ಗಡಿಯಾರದ ಹಿಂದಿನಿಂದ ಹಲ್ಲಿ ನುಡಿಯಿತು.

ಇಬ್ಬರೂ ಪರಸ್ಪರ ನೋಡಿದರು. ಯಾರ ಬೆರಳೂ ನೆಲ ಮುಟ್ಟಲಿಲ್ಲ. ಯಾರೂ ಏನೂ ಹೇಳಿರಲಿಲ್ಲವಾದ್ದರಿಂದ ಅದು ಯಾವ ಮಾತಿಗೆ ನುಡಿಯಿತೆಂಬುದು ತಿಳಿಯುವಂತಿರಲಿಲ್ಲ.

"ಅಕಿ ಫೋನ್ ಮಾಡಂದಾಳಲ್ಲ" ಎಂದು ಚಂಪವ್ವನವರು ತಮ್ಮ ಮೊಬೈಲನ್ನು ನನ್ನ ಕೈಗಿತ್ತರು. "ನನಗ ಅಕ್ಷರ ಕಾಣೂದಿಲ್ಲ. ಹಚ್ಚಿ ನೀವ ಹೇಳ್ರಿ ಅಕ್ಕೋರ."

ಹೀಗೆ, ಮೂಢನಂಬಿಕೆಯ ವಿರುದ್ಧ ಗಡಿಯ ಊರೂರುಗಳಲ್ಲಿ ದನಿ ಎತ್ತಿದ ನಾನು, ಸದಲಗಾದ ಡೇರಿಗೆ ಫೋನು ಹಚ್ಚಿ, ಹಲ್ಲಿ ನುಡಿದಿದೆ ಎಂದು ವರದಿ ಒಪ್ಪಿಸಿದೆ. ಹಿಂದೆ ಕ್ಯಾನುಗಳ ಸದ್ದು, ಯಾರೋ ಗಾಡಿ ಹಿಂದೆ ತಗೋ ಎಂದು ಕೂಗುವುದು ಕೇಳಿಸುತ್ತಿತ್ತು.

"ಹಾಲಿನ ಗಾಡಿ ಬಂದಾವ್ರಿ ಅಕ್ಕೋರ. ಈಗ ಆಗೂದಿಲ್ಲ. ತಡೀ ಅಂತ ಹೇಳ್ರಿ" ಎಂದಳು ಸುನಂದಾ.

"ಯಾರಿಗೆ?"

ಫೋನು ಕಟ್ಟಾಗಿತ್ತು. ನಾನು ಅವಳ ಮಾತನ್ನು ಇದ್ದ ಹಾಗೆಯೇ ತಿಳಿಸಿದೆ. ಚಂಪವ್ವನವರು ಜಪಮಾಲೆಯನ್ನು ಬದಿಗಿಟ್ಟರು. ಆಮೇಲೆ ಗಡಿಯಾರದತ್ತ ಮುಖ ಎತ್ತಿ, ಬಾಗಿಲಿಗೆ ಬಂದ ನೆರೆಯವರಿಗೆ ಹೇಳುವ ದನಿಯಲ್ಲಿ, "ಸೊಸಿ ಕೆಲಸಕ್ಕ ಹೋಗ್ಯಾಳ. ಸಂಜೀಕ ಬರತಾಳ" ಎಂದರು.

ತಾರಾಬಾಯಿ ತುಸು ಯೋಚಿಸಿ, ಯಾವುದಕ್ಕೂ ಇರಲಿ ಎಂದು, ಅದನ್ನೇ ಇನ್ನೊಮ್ಮೆ ಮರಾಠಿಯಲ್ಲಿ ಹೇಳಿದರು.